ಟುಟು ಲಂಗದ ಚರಿತ್ರೆ: ಬಟ್ಟೆ, ಬೆಂಕಿ ಮತ್ತು ಬೆಲೆ

ಶಾಲಾ ವಾರ್ಷಿಕೋತ್ಸವ, ಹುಟ್ಟುಹಬ್ಬ, ಮದುವೆಗಳ ಕಾಲ ಬಂತೆಂದರೆ ಸರಗೂರು, ಎಚ್.ಡಿ. ಕೋಟೆ, ಹುಣಸೂರುಗಳ ಬಟ್ಟೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳ ನೆಟ್ ಫ್ರಾಕುಗಳು ತೂಗಾಡುತ್ತವೆ. ಸೊಂಟದಿಂದ ಕೆಳಗೆ ಪದರ ಪದರವಾಗಿ ಉಬ್ಬಿ ನಿಲ್ಲುವ ಈ ಉಡುಪು ಯೂರೋಪಿನ ಬ್ಯಾಲೆ ನರ್ತಕಿಯರ ‘ಟುಟು’ ಎಂಬ ಲಂಗದ ಸಮೀಪದ ಬಂಧು. ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಆ ಲಂಗದ ಚರಿತ್ರೆಯನ್ನು ಕಲೆಯ ಇತಿಹಾಸವೆಂದು ಮಾತ್ರ ಓದುವುದು ವಾಡಿಕೆ. ಆದರೆ ಅದರಲ್ಲಿ ವ್ಯಾಪಾರಿಗಳೂ ಸಣ್ಣ ಉತ್ಪಾದಕರೂ ಗಮನಿಸಬೇಕಾದ ಗಂಭೀರವಾದ ಪಾಠವೊಂದಿದೆ.

ಯಂತ್ರ ತಂದ ಬಟ್ಟೆ

1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಎಂಬ ಬ್ಯಾಲೆ ಪ್ರದರ್ಶನಗೊಂಡಿತು. ನಾಯಕಿ ಮಾರಿ ಟಾಗ್ಲಿಯೋನಿ ಗಾಳಿಯಲ್ಲಿ ತೇಲುವ ಅಪ್ಸರೆಯಂತೆ ಕಾಣಬೇಕಿತ್ತು. ಅದಕ್ಕಾಗಿ ಮೀನಖಂಡದವರೆಗೆ ಇಳಿಯುವ, ಗಂಟೆಯಾಕಾರದ, ಹಗುರವಾದ ಬಿಳಿಯ ಲಂಗ ಸಿದ್ಧವಾಯಿತು. ಇದರ ವಿನ್ಯಾಸಕಾರ ಯೂಜೀನ್ ಲಾಮಿ ಎಂಬುದು ರೂಢಿಯ ಮಾತು. ಇಂದು ‘ರೊಮ್ಯಾಂಟಿಕ್ ಟುಟು’ ಎಂದು ಹೆಸರಾಗಿರುವುದು ಇದೇ ಮಾದರಿ.

ಇಂತಹ ಲಂಗಗಳಿಗೆ ತೆಳುವಾದ ಮಸ್ಲಿನ್, ಗಂಜಿ ಹಾಕಿ ಬಿರುಸಾಗಿಸಿದ ಟಾರ್ಲಟನ್ ಎಂಬ ಹತ್ತಿಬಟ್ಟೆ ಮತ್ತು ಬಲೆಯಂತಹ ಟ್ಯೂಲ್ ಬಳಕೆಯಾಗುತ್ತಿದ್ದವು. ಹಿಂದೆ ಬಲೆಬಟ್ಟೆಯನ್ನು ಕೈಯಿಂದಲೇ ಹೆಣೆಯಬೇಕಾಗಿದ್ದುದರಿಂದ ಅದು ಸಿರಿವಂತರ ಸೊತ್ತಾಗಿತ್ತು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1808–09ರಲ್ಲಿ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. 1816ರಲ್ಲಿ ಯಂತ್ರವಿರೋಧಿಗಳು ಲಫ್‌ಬರೊ ಪಟ್ಟಣದಲ್ಲಿದ್ದ ಆತನ ಕಾರ್ಖಾನೆಗೆ ನುಗ್ಗಿ 55 ಯಂತ್ರಗಳನ್ನು ಒಡೆದುಹಾಕಿದರು. ಆತ ಟಿವರ್ಟನ್ ಪಟ್ಟಣಕ್ಕೆ ತೆರಳಿ ಉದ್ಯಮವನ್ನು ಮತ್ತೆ ಕಟ್ಟಿದನು. 1823ರಲ್ಲಿ ಪೇಟೆಂಟಿನ ಅವಧಿ ತೀರಿದೊಡನೆ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಅನೇಕರು ಈ ದಂಧೆಗಿಳಿದರು. ಪೈಪೋಟಿಯಿಂದ ಬಲೆಬಟ್ಟೆಯ ಬೆಲೆ ಕುಸಿಯಿತು. ಒಂದೇ ಲಂಗಕ್ಕೆ ಹಲವು ಪದರಗಳನ್ನು ಹಾಕುವುದು ಕೈಗೆಟುಕುವ ಮಾತಾಯಿತು.

ಅಂದದ ಒಡಲಲ್ಲಿ ಅಪಾಯ

ಇದೇ ಕಾಲದಲ್ಲಿ ರಂಗಮಂದಿರಗಳಿಗೆ ಗ್ಯಾಸ್ ದೀಪಗಳು ಬಂದವು. ಪ್ಯಾರಿಸ್ ಒಪೆರಾದಲ್ಲಿ ಇವು ಬಳಕೆಗೆ ಬಂದದ್ದು 1822ರಲ್ಲಿ. ಪದರಗಳ ನಡುವೆ ಗಾಳಿ ತುಂಬಿಕೊಂಡ ತೆಳುಬಟ್ಟೆ, ಪಕ್ಕದಲ್ಲೇ ತೆರೆದ ಜ್ವಾಲೆ. ಇವೆರಡೂ ಸೇರಿದಾಗ ಆಗಬಾರದ್ದು ಆಯಿತು. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಉಡುಪಿಗೆ ದೀಪ ತಗುಲಿ, ಕೆಲವೇ ದಿನಗಳಲ್ಲಿ ಆಕೆ ಅಸುನೀಗಿದಳು. 1861ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬಳಿಂದ ಮತ್ತೊಬ್ಬಳಿಗೆ ಬೆಂಕಿ ಹಬ್ಬಿ ಕನಿಷ್ಠ ಆರು ಮಂದಿ ನರ್ತಕಿಯರು ಬಲಿಯಾದರು.

ಪರಿಹಾರ ಗೊತ್ತಿರಲಿಲ್ಲವೆಂದಲ್ಲ. ಅಮೋನಿಯಂ ಲವಣಗಳು ಮತ್ತು ಬಿಳಿಗಾರದ ದ್ರಾವಣದಲ್ಲಿ ಅದ್ದಿದ ಬಟ್ಟೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲವೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ 1821ರಲ್ಲಿಯೇ ತೋರಿಸಿದ್ದನು. 1859ರಲ್ಲಿ ಕಾರ್ಟೆರಾನ್ ಎಂಬಾತನ ವಿಧಾನವನ್ನು ಅಲ್ಲಿನ ಸರ್ಕಾರ ಒಪ್ಪಿ, ಒಪೆರಾದ ಉಡುಪುಗಳಿಗೂ ಪರದೆಗಳಿಗೂ ಇಂತಹ ಸಂಸ್ಕಾರ ಕಡ್ಡಾಯವೆಂದು ಆಜ್ಞೆ ಹೊರಡಿಸಿತು. ಆದರೆ ಸಂಸ್ಕಾರಗೊಂಡ ಬಟ್ಟೆ ಮಾಸಲಾಗಿ, ಬಿರುಸಾಗಿ ಕಾಣುತ್ತಿತ್ತು. ಟಾಗ್ಲಿಯೋನಿಯ ಶಿಷ್ಯೆ ಎಮ್ಮಾ ಲಿವ್ರಿ ಅದನ್ನು ತೊಡಲಾರೆನೆಂದು ಬರೆದುಕೊಟ್ಟಳು. 1862ರ ನವೆಂಬರ್ 15ರಂದು ತಾಲೀಮಿನ ವೇಳೆ ಆಕೆಯ ಲಂಗಕ್ಕೆ ಗ್ಯಾಸ್ ದೀಪ ತಗುಲಿತು. ಎಂಟು ತಿಂಗಳು ನರಳಿ, 1863ರ ಜುಲೈನಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಕೇವಲ 20.

ಶತಮಾನದ ಕೊನೆಯಲ್ಲಿ ಇಟಲಿಯ ನರ್ತಕಿಯರ ಕ್ಲಿಷ್ಟವಾದ ಪಾದಕೌಶಲ ಪ್ರೇಕ್ಷಕರಿಗೆ ಕಾಣಿಸಬೇಕಾಗಿ ಬಂದುದರಿಂದ ಲಂಗ ಮೊಣಕಾಲಿನಿಂದ ಮೇಲೇರಿತು. 1885ರಲ್ಲಿ ರಷ್ಯಾಕ್ಕೆ ಹೋದ ವರ್ಜೀನಿಯಾ ಜುಕ್ಕಿ ಈ ಬದಲಾವಣೆಯಲ್ಲಿ ಪ್ರಮುಖಳು. ಇತ್ತ 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರ ಪೂರ್ಣವಾಗಿ ವಿದ್ಯುತ್ ದೀಪಗಳಿಂದ ಬೆಳಗಿತು. ವಿದ್ಯುತ್ತು ಹರಡಿದಂತೆ ತೆರೆದ ಜ್ವಾಲೆ ವೇದಿಕೆಯಿಂದ ಹಿಂದೆ ಸರಿಯಿತು.

ನಾವು ಗ್ರಹಿಸಬೇಕಾದದ್ದು

ಲಿವ್ರಿಯ ಪ್ರಸಂಗದಲ್ಲಿ ವಿಜ್ಞಾನವಿತ್ತು, ಕಾನೂನೂ ಇತ್ತು. ಇಲ್ಲದಿದ್ದುದು ಬಳಸುವವರು ಮನಃಪೂರ್ವಕವಾಗಿ ಒಪ್ಪುವಂತಹ ಸರಕು. ಅಂದವನ್ನು ಕೆಡಿಸುವ ಸುರಕ್ಷತೆಯನ್ನು ಗ್ರಾಹಕ ಕೊಳ್ಳುವುದಿಲ್ಲ, ಕೊಂಡರೂ ಬಳಸುವುದಿಲ್ಲ. ಅಂದವೂ ಸುರಕ್ಷತೆಯೂ ಕೂಡಿದ ಸರಕನ್ನು ರೂಪಿಸುವುದು ಉತ್ಪಾದಕನ ಹೊಣೆ. ಗ್ರಾಹಕರೇ ಬೇಡವೆಂದರು ಎಂಬ ಸಮಾಧಾನ ಇಲ್ಲಿ ಸಲ್ಲದು.

ಇದು ದೂರದ ಪ್ಯಾರಿಸ್ಸಿನ ಮಾತೆಂದು ಕಡೆಗಣಿಸುವಂತಿಲ್ಲ. 1989ರ ಫೆಬ್ರವರಿಯಲ್ಲಿ ನಮ್ಮ ಮೈಸೂರಿನಲ್ಲಿಯೇ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ಸೆಟ್ಟಿಗೆ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಂದಿನ ಅಗ್ಗದ ನೆಟ್ ಬಟ್ಟೆ ಬಹುಪಾಲು ನೈಲಾನ್ ಅಥವಾ ಪಾಲಿಯೆಸ್ಟರ್. ಅದು ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹುಟ್ಟುಹಬ್ಬದ ಮೇಣದ ಬತ್ತಿ, ದೀಪಾವಳಿಯ ಸುರುಸುರು ಬತ್ತಿ, ದೇವರ ಮುಂದಿನ ಹಣತೆ ಇವುಗಳ ಬಳಿ ಸುಳಿಯುವವರು ಈ ಫ್ರಾಕು ತೊಟ್ಟ ಮಕ್ಕಳೇ.

ಕಾನೂನಿನ ದೃಷ್ಟಿಯಿಂದಲೂ ವಿಷಯ ಮುಖ್ಯವಾದುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ದೋಷಪೂರ್ಣ ಸರಕಿನಿಂದ ಹಾನಿಯಾದರೆ, ಅಥವಾ ಹಾನಿ ತಪ್ಪಿಸುವ ತಕ್ಕ ಸೂಚನೆ, ಎಚ್ಚರಿಕೆಗಳನ್ನು ನೀಡದಿದ್ದರೆ ತಯಾರಕನು ಪರಿಹಾರಕ್ಕೆ ಬಾಧ್ಯನಾಗಬಹುದು. ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಆಗಬಹುದು. ಅಂಗಡಿಗೆ ಮಾಡಿಸಿದ ಅಗ್ನಿ ವಿಮೆ ಅಂಗಡಿಯ ಆಸ್ತಿ ಮತ್ತು ದಾಸ್ತಾನಿಗೆ ಸಂಬಂಧಿಸಿದ್ದು. ಮಾರಿದ ಸರಕಿನಿಂದ ಮೂರನೆಯವರಿಗೆ ಆಗುವ ಹಾನಿಗೆ ಉತ್ಪನ್ನ ಹೊಣೆಗಾರಿಕೆಯ ವಿಮೆ ಬೇರೆಯೇ ಬೇಕು.

ಆದ್ದರಿಂದ ಸಿದ್ಧ ಉಡುಪು ಹೊಲಿಸುವ ನಮ್ಮ ಸದಸ್ಯರು ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುವುದು ಲೇಸು. ನೆಟ್ ಪದರ ಮೈಗೆ ತಾಕದಂತೆ ಒಳಗೆ ಹತ್ತಿಬಟ್ಟೆಯ ಅಸ್ತರಿ ಕೊಡಬೇಕು. ಇದರಿಂದ ಬೆಂಕಿ ತಡೆಯದಿದ್ದರೂ ಕರಗಿದ ನೆಟ್ ನೇರವಾಗಿ ಚರ್ಮಕ್ಕೆ ಅಂಟುವುದು ತಗ್ಗುತ್ತದೆ. ಬೆಂಕಿಯಿಂದ ದೂರವಿಡಿ ಎಂಬ ಚೀಟಿಯನ್ನು ಕನ್ನಡದಲ್ಲಿಯೇ ಹೊಲಿಯಬೇಕು. ಬಟ್ಟೆ ಕೊಳ್ಳುವಾಗ ಸರಬರಾಜುದಾರರಿಂದ ನೂಲಿನ ವಿವರವನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು.

ಅಸ್ತರಿಗೂ ಚೀಟಿಗೂ ತಗಲುವ ಹಣವನ್ನು ಲಾಭದಿಂದ ಕಳೆದುಕೊಂಡದ್ದೆಂದು ಎಣಿಸದೆ, ನೂಲು, ಗುಂಡಿ, ಕೂಲಿಗಳಂತೆ ತಯಾರಿಕಾ ವೆಚ್ಚದಲ್ಲಿಯೇ ಸೇರಿಸಿ ಬೆಲೆ ಕಟ್ಟುವುದು ಸರಿಯಾದ ಲೆಕ್ಕಪದ್ಧತಿ. ಎರಡು ಫ್ರಾಕುಗಳ ಬೆಲೆಯಲ್ಲಿ ವ್ಯತ್ಯಾಸವೇಕೆಂದು ಗ್ರಾಹಕರು ಕೇಳಿದರೆ, ಒಳಪದರವನ್ನು ತಿರುವಿ ತೋರಿಸಿ ಕಾರಣ ಹೇಳಬಹುದು. ಮಗುವಿಗೆಂದು ಕೊಳ್ಳಲು ಬಂದ ತಾಯಿತಂದೆಯರಿಗೆ ಆ ಕಾರಣ ಅರ್ಥವಾಗುತ್ತದೆ.