ಹಳೆಯ ಪೋಕೆಮಾನ್ ಆಟಕ್ಕೆ ಮರುಹುಟ್ಟು ಬೇಕಾದದ್ದೇಕೆ?

ಪೋಕೆಮಾನ್ ಎಂದೊಡನೆ ಭಾರತದಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟಿವಿಯ ಕಾರ್ಟೂನ್ ಸರಣಿ, ಇಲ್ಲವೇ 2016ರಲ್ಲಿ ಜನರನ್ನು ಬೀದಿಗಿಳಿಸಿದ ಮೊಬೈಲ್ ಆಟ. ಇವೆರಡಕ್ಕೂ ಮೂಲವಾದದ್ದು ಅಂಗೈಯಗಲದ ಗೇಮ್ ಬಾಯ್ ಯಂತ್ರದಲ್ಲಿ ಆಡುವ ಒಂದು ಪಾತ್ರಾಧಾರಿತ ಆಟ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ‘ರೆಡ್’ ಮತ್ತು ‘ಗ್ರೀನ್’ ಎಂಬ ಜೋಡಿ ಆವೃತ್ತಿಗಳಾಗಿ ಬಂದ ಆ ಆಟವನ್ನು ಎಂಟು ವರ್ಷ ತುಂಬುವ ಮೊದಲೇ, 2004ರ ಜನವರಿಯಲ್ಲಿ, ತಯಾರಕರೇ ಹೊಸದಾಗಿ ಕಟ್ಟಿ ‘ಫೈರ್‌ರೆಡ್’, ‘ಲೀಫ್‌ಗ್ರೀನ್’ ಎಂಬ ಹೆಸರಿನಲ್ಲಿ ಮತ್ತೆ ಮಾರಿದರು. ಹಳೆಯ ಸರಕಿಗೆ ಹೊಸ ಹೊದಿಕೆ ಎಂದು ಮೂಗು ಮುರಿಯುವುದು ಸುಲಭ. ಆದರೆ ವ್ಯಾಪಾರದ ಜತೆಗೆ ಅಲ್ಲಿ ತಾಂತ್ರಿಕ ಇಕ್ಕಟ್ಟೊಂದೂ ಇತ್ತು.

ಟೋಕಿಯೋ ಹೊರವಲಯದಲ್ಲಿ ಬೆಳೆದ ಸತೋಶಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದವರು. ಎರಡು ಗೇಮ್ ಬಾಯ್‌ಗಳನ್ನು ಬೆಸೆಯುವ ತಂತಿಯನ್ನು ಕಂಡಾಗ ಅದರೊಳಗೆ ಕೀಟವೊಂದು ಈಚೆಯಿಂದ ಆಚೆಗೆ ಹರಿದುಹೋಗುವ ಚಿತ್ರ ಅವರ ಮನಸ್ಸಿಗೆ ಬಂತಂತೆ! ಆ ಕಲ್ಪನೆಯೇ ಆಟದ ಜೀವಾಳ. ಒಟ್ಟು 151 ಜೀವಿಗಳು. ಆದರೆ ಯಾವ ಒಂದು ಆವೃತ್ತಿಯಲ್ಲೂ ಎಲ್ಲವೂ ಸಿಗುವುದಿಲ್ಲ. ಪಟ್ಟಿ ಪೂರ್ಣಗೊಳ್ಳಬೇಕಾದರೆ ಇನ್ನೊಬ್ಬರೊಂದಿಗೆ ವಿನಿಮಯ ಮಾಡಿಕೊಳ್ಳಲೇಬೇಕು. 160×144 ಚುಕ್ಕಿಗಳ, ನಾಲ್ಕೇ ಛಾಯೆಗಳ ಪರದೆಯ ಮೇಲಿನ ಆಟ ಮಕ್ಕಳನ್ನು ಅಷ್ಟೊಂದು ಹಿಡಿದಿಟ್ಟದ್ದು ಚಿತ್ರದ ಸೊಬಗಿನಿಂದಲ್ಲ, ಈ ಕೊಡುಕೊಳ್ಳುವಿಕೆಯಿಂದ.

1999ರಲ್ಲಿ ಬಂದ ‘ಗೋಲ್ಡ್’, ‘ಸಿಲ್ವರ್’ ಆಟಗಳು ಹಳೆಯದರೊಂದಿಗೆ ಈ ನಂಟನ್ನು ಉಳಿಸಿಕೊಂಡಿದ್ದವು. ಅದು ಕಡಿದದ್ದು 2002ರ ನವೆಂಬರಿನಲ್ಲಿ, ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆಂದು ‘ರೂಬಿ’, ‘ಸಫೈರ್’ ಬಂದಾಗ. ಆಟದ ಒಳಗೆ ಪ್ರತಿಯೊಂದು ಜೀವಿಯೂ ಅಂಕಿಗಳ ಒಂದು ಪುಟ್ಟ ಸಾಲು ಮಾತ್ರ. ಹಳೆಯ ಆಟಗಳಲ್ಲಿ ಅದರ ಹುಟ್ಟುಗುಣಗಳನ್ನು 0ಯಿಂದ 15ರವರೆಗಿನ ಅಂಕಿಗಳಲ್ಲಿ ಬರೆದಿಡಲಾಗುತ್ತಿತ್ತು. ಹೊಸದರಲ್ಲಿ ಆ ಅಳತೆ 0ಯಿಂದ 31ಕ್ಕೆ ಹಿಗ್ಗಿತು. ಸ್ವಭಾವ, ವಿಶೇಷ ಸಾಮರ್ಥ್ಯಗಳೆಂಬ ಹೊಸ ಅಂಕಣಗಳೂ ಸೇರಿದವು. ಹಳೆಯ ಖಾತೆ ಪುಸ್ತಕದ ಹಾಳೆ ಹೊಸ ಪುಸ್ತಕಕ್ಕೆ ಹೊಂದದಾಯಿತು. ಅಡ್ವಾನ್ಸ್ ಯಂತ್ರದಲ್ಲಿ ಹಳೆಯ ಕಾರ್ಟ್ರಿಜ್‌ಗಳು ನಡೆಯುತ್ತಿದ್ದವು ನಿಜ. ಆದರೆ ಅವು ಹೊಸ ಆಟಗಳೊಂದಿಗೆ ಮಾತನಾಡುತ್ತಿರಲಿಲ್ಲ.

ಪರಿಣಾಮ ವಿಚಿತ್ರವಾಗಿತ್ತು. ಎಲ್ಲವನ್ನೂ ಕೂಡಿಸಬೇಕೆಂಬುದೇ ಗುರಿಯಾದ ಆಟದಲ್ಲಿ ಎಲ್ಲವನ್ನೂ ಕೂಡಿಸುವ ದಾರಿಯೇ ಮುಚ್ಚಿತ್ತು. ಮೊದಲ ಆಟದ ಆರಂಭದಲ್ಲಿ ಆಯ್ದುಕೊಳ್ಳಲು ಸಿಗುತ್ತಿದ್ದ ಬಲ್ಬಸಾರ್, ಚಾರ್ಮಾಂಡರ್, ಸ್ಕ್ವಿರ್ಟಲ್‌ಗಳು ರೂಬಿಯಲ್ಲಾಗಲಿ ಸಫೈರ್‌ನಲ್ಲಾಗಲಿ ಹಿಡಿಯಲು ಸಿಗುತ್ತಿರಲಿಲ್ಲ. ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಈ ಕಂದಕಕ್ಕೆ ಕಟ್ಟಿದ ಸೇತುವೆ. ಹಳೆಯ ಊರು, ಹಳೆಯ ದಾರಿ, ಹಳೆಯ ಜೀವಿಗಳೆಲ್ಲ ಹೊಸ ಅಂಕಿಲೆಕ್ಕದಲ್ಲಿ ಮತ್ತೆ ಹುಟ್ಟಿದವು. ಜತೆಗೆ ತಂತಿಯಿಲ್ಲದೆ ವಿನಿಮಯ ಮಾಡಿಕೊಳ್ಳುವ ಸಾಧನವೊಂದನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡಲಾಯಿತು.

ಹೀಗೆ ಮತ್ತೆ ಕಟ್ಟುವಾಗ ಎದುರಾಗುವ ಕಠಿಣ ಪ್ರಶ್ನೆ, ಯಾವುದನ್ನು ತಿದ್ದಬೇಕು ಎಂಬುದು. 1996ರ ಆಟ ದೋಷಗಳ ಗೂಡಾಗಿತ್ತು. ಮನಃಶಕ್ತಿಯ ಜೀವಿಗಳಿಗೆ ದೆವ್ವಗಳೆಂದರೆ ಭಯ ಎಂದು ಆಟದೊಳಗಿನ ಪಾತ್ರವೊಂದು ಹೇಳುತ್ತದೆ. ವಾಸ್ತವದಲ್ಲಿ ಲೆಕ್ಕದ ತಪ್ಪಿನಿಂದಾಗಿ ದೆವ್ವದ ಏಟು ಅವಕ್ಕೆ ತಗುಲುತ್ತಲೇ ಇರಲಿಲ್ಲ! ಏಟಿನ ತೀವ್ರತೆಯ ಸಂಭವವನ್ನು ಹೆಚ್ಚಿಸಬೇಕಾದ ‘ಫೋಕಸ್ ಎನರ್ಜಿ’ ಅದನ್ನು ಕಾಲುಭಾಗಕ್ಕೆ ಇಳಿಸುತ್ತಿತ್ತು. ಇವನ್ನು ತಿದ್ದಿದ್ದಕ್ಕೆ ಯಾರ ತಕರಾರೂ ಇರಲಾರದು. ಆದರೆ ಕಡಲ ದಂಡೆಯೊಂದರಲ್ಲಿ ಚುಕ್ಕಿಗಳ ಕಲಸುಮೇಲೋಗರವಾಗಿ ಪ್ರತ್ಯಕ್ಷವಾಗುತ್ತಿದ್ದ ‘ಮಿಸ್ಸಿಂಗ್‌ನೊ’ ಎಂಬುದೂ ಒಂದು ದೋಷವೇ. ಪಾಶ್ಚಾತ್ಯ ದೇಶಗಳ ಮಕ್ಕಳ ಪಾಲಿಗೆ ಅದು ಶಾಲೆಯ ಅಂಗಳದಲ್ಲಿ ಪಿಸುಗುಟ್ಟುವ ದಂತಕಥೆಯಾಗಿತ್ತು. ಮರುನಿರ್ಮಾಣದಲ್ಲಿ ಅದೂ ಮಾಯವಾಯಿತು.

ಹಳತನ್ನು ಕಾಪಾಡುವ ಹಟ ಅತಿಗೆ ಹೋದದ್ದೂ ಉಂಟು. ಗೋಲ್‌ಬ್ಯಾಟ್ ಎಂಬ ಬಾವಲಿ ಕ್ರೋಬ್ಯಾಟ್ ಆಗಿ ವಿಕಾಸಗೊಳ್ಳುವ ಸಂಗತಿ 1999ರ ಆಟದಲ್ಲಿ ಸೇರಿದ್ದು. ಆದಕಾರಣ ಫೈರ್‌ರೆಡ್‌ನಲ್ಲಿ ಆಟಗಾರ ಕಥೆಯನ್ನು ಮುಗಿಸಿ ಮುಂದಿನ ಪಟ್ಟಿಯನ್ನು ಪಡೆಯುವವರೆಗೆ ಆ ವಿಕಾಸ ಅರ್ಧಕ್ಕೇ ನಿಂತುಬಿಡುತ್ತದೆ. 151 ಎಂದರೆ 151!

2009ರ ಸೆಪ್ಟೆಂಬರಿನಲ್ಲಿ ಗೋಲ್ಡ್ ಮತ್ತು ಸಿಲ್ವರ್ ಆಟಗಳ ಸರದಿ ಬಂತು. ‘ಹಾರ್ಟ್‌ಗೋಲ್ಡ್’, ‘ಸೋಲ್‌ಸಿಲ್ವರ್’ ಎಂಬ ಆ ಮರುನಿರ್ಮಾಣಗಳ ನಿರ್ದೇಶಕ ಶಿಗೆಕಿ ಮೊರಿಮೊಟೊ. ಮೊದಲ ಆಟದಲ್ಲಿ ಮ್ಯೂ ಎಂಬ 151ನೇ ಜೀವಿಯನ್ನು ಕೊನೆಗಳಿಗೆಯಲ್ಲಿ ಅಳಿದುಳಿದ ಜಾಗದಲ್ಲಿ ಗುಟ್ಟಾಗಿ ತುರುಕಿದವರು ಇವರೇ. ಮುಂದೆ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾಟ ಅವರು ಮೂಲ ಗೋಲ್ಡ್ ಮತ್ತು ಸಿಲ್ವರ್‌ಗೆ ಚಿತ್ರಗಳನ್ನು ಕುಗ್ಗಿಸುವ ತಂತ್ರಾಂಶ ಬರೆದುಕೊಟ್ಟಿದ್ದರು. ಹತ್ತು ವರ್ಷಗಳ ಬಳಿಕ ಜಾಗದ ಆ ಬವಣೆ ಉಳಿದಿರಲಿಲ್ಲ. ಮರುನಿರ್ಮಾಣದಲ್ಲಿ ಜೀವಿ ಆಟಗಾರನ ಹಿಂದೆಯೇ ನಡೆದು ಬರುತ್ತದೆ. ಬೇಕೆಂದವರು ಒಂದು ಗುಂಡಿ ಒತ್ತಿ ಹಳೆಯ ಗೇಮ್ ಬಾಯ್ ದನಿಯಲ್ಲೇ ಸಂಗೀತವನ್ನು ಕೇಳಬಹುದು. ನೆನಪನ್ನು ಹೇರದೆ ಪಕ್ಕದಲ್ಲಿಟ್ಟ ಈ ಜಾಣ್ಮೆಯಿಂದಾಗಿಯೇ ಅನೇಕ ಅಭಿಮಾನಿಗಳು ಇಂದಿಗೂ ಇದನ್ನು ಸರಣಿಯ ಅತ್ಯುತ್ತಮ ಮರುನಿರ್ಮಾಣವೆಂದು ಎಣಿಸುತ್ತಾರೆ. ಜೂಜಿನ ಛಾಯೆಯಿದ್ದ ಸ್ಲಾಟ್ ಯಂತ್ರಗಳನ್ನು ಮಾತ್ರ ಜಪಾನಿನಾಚೆಯ ಆವೃತ್ತಿಗಳಿಂದ ಕಿತ್ತುಹಾಕಲಾಯಿತು.

ಆಮೇಲಿನ ಪ್ರಯತ್ನಗಳಿಗೆ ಅಂಥ ಸಮತೋಲ ದಕ್ಕಲಿಲ್ಲ. 2018ರ ‘ಲೆಟ್ಸ್ ಗೋ’ ಆಟಗಳು ಕಾಡುಜೀವಿಗಳೊಂದಿಗಿನ ಕಾದಾಟವನ್ನು ಬಹುಮಟ್ಟಿಗೆ ಕೈಬಿಟ್ಟು ಚೆಂಡೆಸೆತವನ್ನೇ ಮುಂದೆ ಮಾಡಿದವು. ಹಳಬರು ಇದು ತಮ್ಮ ಆಟವಲ್ಲ ಎಂದರು. 2021ರ ‘ಬ್ರಿಲಿಯಂಟ್ ಡೈಮಂಡ್’, ‘ಶೈನಿಂಗ್ ಪರ್ಲ್’ ಮೂಲವನ್ನು ಹೆಜ್ಜೆ ಹೆಜ್ಜೆಗೂ ಅನುಸರಿಸಿದವು. ಹೊಸತೇನಿದೆ ಎಂದು ಕೇಳಿದವರೂ ಅವರೇ.

ಇಷ್ಟೆಲ್ಲ ಆದರೂ ಮರುನಿರ್ಮಾಣದ ಕೈಗೆ ಸಿಗದ ಒಂದು ವಸ್ತು ಉಳಿದಿದೆ. ಅದು 1996ರಲ್ಲೋ 1999ರಲ್ಲೋ ಮಗುವೊಂದು ತಿಂಗಳುಗಟ್ಟಲೆ ಸಾಕಿದ, ತಾನೇ ಹೆಸರಿಟ್ಟ ಜೀವಿ. ಫೈರ್‌ರೆಡ್ ಆಟಗಾರನ ಪ್ರಗತಿಯನ್ನು ಬ್ಯಾಟರಿ ಬೇಡದ ಫ್ಲ್ಯಾಶ್ ಸ್ಮೃತಿಯಲ್ಲಿ ಉಳಿಸುತ್ತದೆ. ಮೊದಲ ಎರಡು ತಲೆಮಾರಿನ ಕಾರ್ಟ್ರಿಜ್‌ಗಳಲ್ಲಾದರೋ ಆ ಕೆಲಸ ಮಾಡುವುದು ನಾಣ್ಯದಾಕಾರದ ಪುಟ್ಟ ಬ್ಯಾಟರಿಯ ಬಲದಿಂದ. ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಹಗಲುರಾತ್ರಿ ತೋರಿಸುವ ಗಡಿಯಾರವನ್ನೂ ಅದೇ ನಡೆಸಬೇಕಾದ್ದರಿಂದ ಅದು ಇನ್ನೂ ಬೇಗ ಬರಿದಾಗುತ್ತದೆ. 2016ರಲ್ಲಿ ಹಳೆಯ ಆಟಗಳು 3ಡಿಎಸ್ ಯಂತ್ರಕ್ಕೆ ಮತ್ತೆ ಬಂದವು. ಅವುಗಳಲ್ಲಿ ಹಿಡಿದ ಜೀವಿಗಳನ್ನು ಮುಂದಿನ ಆಟಗಳಿಗೆ ಸಾಗಿಸುವ ದಾರಿಯೂ ತೆರೆಯಿತು. ಆದರೆ ಹಳೆಯ ಕಾರ್ಟ್ರಿಜ್‌ನಲ್ಲಿದ್ದವಕ್ಕೆ ಆ ದಾರಿ ಇರಲಿಲ್ಲ. 2023ರ ಮಾರ್ಚ್‌ನಲ್ಲಿ 3ಡಿಎಸ್ ಅಂಗಡಿಯಲ್ಲಿ ಹೊಸ ಖರೀದಿಯೂ ನಿಂತಿತು.

ಬರಿದಾದ ಬ್ಯಾಟರಿಯನ್ನು ಕಿತ್ತು ಹೊಸದನ್ನು ಬೆಸುಗೆ ಹಾಕಿದರೆ ಆಟವೇನೋ ಮತ್ತೆ ನಡೆಯುತ್ತದೆ, ಒಳಗಿದ್ದ ಜೀವಿಗಳು ಮಾತ್ರ ಅಳಿಸಿಹೋಗಿರುತ್ತವೆ. ಅದು ಬರಿದಾಗುವ ಮುನ್ನವೇ ಕಾರ್ಟ್ರಿಜ್ ಓದುವ ಸಾಧನದ ಮೂಲಕ ಎಲ್ಲವನ್ನೂ ಕಂಪ್ಯೂಟರಿಗೆ ನಕಲಿಸಿ, ಬ್ಯಾಟರಿ ಬದಲಿಸಿ, ಮರಳಿ ತುಂಬುವ ಕೆಲಸವನ್ನು ಈಗ ಹವ್ಯಾಸಿಗಳೇ ಮಾಡಿಕೊಳ್ಳುತ್ತಿದ್ದಾರೆ.