ಪ್ರಯಾಣದಲ್ಲಿ ಮೊಬೈಲ್ ಕರೆಯು ಒಂದು ಬೇಸ್ ಸ್ಟೇಷನ್‌ನಿಂದ ಮತ್ತೊಂದಕ್ಕೆ ವರ್ಗಾವಣೆಯಾಗುವ ವಿಧಾನ

ಬಸ್ಸು ಅಥವಾ ರೈಲಿನಲ್ಲಿ ಪ್ರಯಾಣಿಸುವಾಗ ಕರೆಯು ನಡುವೆಯೇ ಕಡಿತಗೊಳ್ಳುತ್ತದೆ ಎಂಬುದು ಮೊಬೈಲ್ ಚಂದಾದಾರರ ಸಾಮಾನ್ಯ ದೂರು. ದೂರಿನಲ್ಲಿ ‘ಸಿಗ್ನಲ್ ಸರಿಯಿಲ್ಲ’ ಎಂದಷ್ಟೇ ಬರೆದಲ್ಲಿ ದೋಷವನ್ನು ಪತ್ತೆಹಚ್ಚುವುದು ಕಷ್ಟಸಾಧ್ಯ. 4ಜಿ ಎಂದು ಪರಿಚಿತವಾಗಿರುವ ಎಲ್‌ಟಿಇ ಜಾಲದಲ್ಲಿ ಕರೆಯು ಕೇಂದ್ರದಿಂದ ಕೇಂದ್ರಕ್ಕೆ ಹೇಗೆ ಸಾಗುತ್ತದೆ, ಎಲ್ಲಿ ತಪ್ಪುತ್ತದೆ ಮತ್ತು ದೂರಿನಲ್ಲಿ ಯಾವ ವಿವರಗಳಿರಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಇಲ್ಲಿ ವರ್ಗಾವಣೆ ಎಂದರೆ ತಾಂತ್ರಿಕವಾಗಿ ಹ್ಯಾಂಡೋವರ್ ಎಂದು ಕರೆಯಲಾಗುವ ಕ್ರಿಯೆ. ಸಂಖ್ಯೆಯನ್ನು ಉಳಿಸಿಕೊಂಡು ಸೇವಾ ಸಂಸ್ಥೆಯನ್ನು ಬದಲಿಸುವ ಪೋರ್ಟಬಿಲಿಟಿಗಾಗಲಿ, ಸಿಮ್ ಅನ್ನು ಮತ್ತೊಬ್ಬರ ಹೆಸರಿಗೆ ಮಾಡಿಸುವುದಕ್ಕಾಗಲಿ ಇದು ಸಂಬಂಧಿಸಿದುದಲ್ಲ. ಇದಕ್ಕೆ ಅರ್ಜಿಯೂ ಬೇಡ, ಶುಲ್ಕವೂ ಇಲ್ಲ.

ನಿರ್ಧಾರ ಯಾರದು?

ಜನರು ಟವರ್ ಎಂದು ಕರೆಯುವ ಪ್ರತಿಯೊಂದು ಬೇಸ್ ಸ್ಟೇಷನ್ ತನ್ನ ಸುತ್ತಲಿನ ಪ್ರದೇಶವನ್ನು ಸಾಮಾನ್ಯವಾಗಿ ಮೂರು ದಿಕ್ಕುಗಳಿಗೆ ವಿಭಜಿಸಿಕೊಂಡಿರುತ್ತದೆ. ಇಂತಹ ಒಂದೊಂದು ಭಾಗಕ್ಕೆ ಸೆಲ್ ಎಂದು ಹೆಸರು. ಮೊಬೈಲ್ ಬಳಕೆಯಲ್ಲಿಲ್ಲದೆ ಜೇಬಿನಲ್ಲಿದ್ದಾಗ ಯಾವ ಸೆಲ್‌ಗೆ ಹೊಂದಿಕೊಳ್ಳಬೇಕೆಂಬುದನ್ನು ಜಾಲವು ತಿಳಿಸಿದ ನಿಯಮಗಳಂತೆ ಅದೇ ಆರಿಸಿಕೊಳ್ಳುತ್ತದೆ. ಕರೆ ಆರಂಭವಾದ ಮೇಲೆ ಈ ಸ್ವಾತಂತ್ರ್ಯ ಅದಕ್ಕಿಲ್ಲ. ಆಗ ನಿರ್ಧಾರ ಕೈಗೊಳ್ಳುವುದು ಸೇವೆ ನೀಡುತ್ತಿರುವ ಬೇಸ್ ಸ್ಟೇಷನ್. ಮೊಬೈಲ್ ತನ್ನ ಸೆಲ್‌ನ ಹಾಗೂ ನೆರೆಯ ಸೆಲ್‌ಗಳ ಸಿಗ್ನಲ್ ಬಲವನ್ನು ಅಳೆದು ವರದಿಯನ್ನು ಮಾತ್ರ ಕಳುಹಿಸುತ್ತದೆ.

ನೆರೆಯ ಸೆಲ್ ಕ್ಷಣಕಾಲ ಹೆಚ್ಚು ಬಲವಾಗಿ ಕಂಡುಬಂದ ಮಾತ್ರಕ್ಕೆ ವರದಿ ಹೋಗುವುದಿಲ್ಲ. ಅದು ನಿಗದಿತ ಅಂತರದಷ್ಟು, ಉದಾಹರಣೆಗೆ 3 ಡೆಸಿಬೆಲ್, ಅಂದರೆ ಸುಮಾರು ಎರಡು ಪಟ್ಟು ಹೆಚ್ಚು ಬಲವಾಗಿರಬೇಕು ಮತ್ತು ನಿಗದಿತ ಅವಧಿಯವರೆಗೆ ಹಾಗೆಯೇ ಇರಬೇಕು. ಈ ನಿಬಂಧನೆ ಇಲ್ಲದಿದ್ದಲ್ಲಿ ಎರಡು ಸೆಲ್‌ಗಳ ಗಡಿಯಲ್ಲಿ ನಿಂತ ವ್ಯಕ್ತಿಯ ಕರೆಯು ಅತ್ತಿಂದಿತ್ತ ಚೆಂಡಿನಂತೆ ಪುಟಿಯುತ್ತಿರುತ್ತದೆ. ಅವಧಿಯನ್ನು ಶೂನ್ಯದಿಂದ 5.12 ಸೆಕೆಂಡುಗಳವರೆಗೆ ನಿಗದಿಪಡಿಸಲು ಅವಕಾಶವಿದೆ. ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಅವಧಿ 0.32 ಸೆಕೆಂಡು ಇದ್ದಲ್ಲಿ ಕಾಯುವಷ್ಟರಲ್ಲಿ ರೈಲು 9 ಮೀಟರ್ ಮುಂದೆ ಹೋಗಿರುತ್ತದೆ, 5.12 ಸೆಕೆಂಡು ಇದ್ದಲ್ಲಿ 140 ಮೀಟರಿಗೂ ಹೆಚ್ಚು. ಪಾದಚಾರಿಗೆ ಹೊಂದುವ ಅವಧಿ ರೈಲು ಪ್ರಯಾಣಿಕರಿಗೆ ಹೊಂದಬೇಕೆಂದಿಲ್ಲ. ಹೆದ್ದಾರಿ ಮತ್ತು ರೈಲು ಮಾರ್ಗಗಳ ಬದಿಯ ಕೇಂದ್ರಗಳಲ್ಲಿ ಈ ಮೌಲ್ಯಗಳನ್ನು ಪ್ರತ್ಯೇಕವಾಗಿ ಹೊಂದಿಸಬೇಕಾಗುವುದು ಈ ಕಾರಣದಿಂದಲೇ.

ವರದಿ ತಲುಪಿದ ನಂತರ ಹಾಲಿ ಕೇಂದ್ರವು ನೆರೆಯ ಕೇಂದ್ರವನ್ನು ನೇರ ಸಂಪರ್ಕದ ಮೂಲಕ ಕೋರುತ್ತದೆ. ನೇರ ಸಂಪರ್ಕ ಇಲ್ಲದಿದ್ದಲ್ಲಿ ಜಾಲದ ಮುಖ್ಯ ನಿಯಂತ್ರಣ ಘಟಕದ ಮೂಲಕ ಕೋರುತ್ತದೆ, ಇದಕ್ಕೆ ತುಸು ಹೆಚ್ಚು ಸಮಯ ಹಿಡಿಯುತ್ತದೆ. ನೆರೆಯ ಕೇಂದ್ರದಲ್ಲಿ ಸ್ಥಳಾವಕಾಶವಿದ್ದಲ್ಲಿ ಅದು ಒಪ್ಪಿ, ಬರಲಿರುವ ಮೊಬೈಲಿಗಾಗಿ ಪ್ರವೇಶವನ್ನು ಕಾಯ್ದಿರಿಸುತ್ತದೆ. ಅನಂತರ ಹಾಲಿ ಕೇಂದ್ರದಿಂದ ಮೊಬೈಲಿಗೆ ಆದೇಶ ಹೋಗುತ್ತದೆ. ಮೊಬೈಲ್ ಹಳೆಯ ಸಂಪರ್ಕವನ್ನು ಸಂಪೂರ್ಣವಾಗಿ ಬಿಟ್ಟು ಹೊಸದನ್ನು ಹಿಡಿಯುತ್ತದೆ. 3ಜಿ ಜಾಲದಲ್ಲಿ ಒಂದೇ ಕರೆಯನ್ನು ಏಕಕಾಲದಲ್ಲಿ ಎರಡು ಮೂರು ಕೇಂದ್ರಗಳು ಹಿಡಿದಿರುವುದು ಸಾಧ್ಯವಿತ್ತು, ಎಲ್‌ಟಿಇಯಲ್ಲಿ ಆ ವ್ಯವಸ್ಥೆ ಇಲ್ಲ. ನಡುವಿನ ಬಿಡುವು ಸೆಕೆಂಡಿನ ನೂರನೇ ಕೆಲವು ಭಾಗಗಳಷ್ಟು ಮಾತ್ರ. ಆ ವೇಳೆಯಲ್ಲಿ ಹಳೆಯ ಕೇಂದ್ರಕ್ಕೆ ಬಂದ ದತ್ತಾಂಶವನ್ನು ಅದು ಹೊಸ ಕೇಂದ್ರಕ್ಕೆ ರವಾನಿಸುವುದರಿಂದ ಮಾತನಾಡುತ್ತಿರುವವರಿಗೆ ಏನೂ ತಿಳಿಯುವುದಿಲ್ಲ.

ಕರೆ ಕಡಿತಗೊಳ್ಳುವ ಸಂದರ್ಭಗಳು

ವರದಿಯಾಗಲಿ ಆದೇಶವಾಗಲಿ ಸಾಗಬೇಕಾದುದು ದುರ್ಬಲವಾಗುತ್ತಿರುವ ಹಳೆಯ ಸಂಪರ್ಕದ ಮೇಲೆಯೇ. ಆದುದರಿಂದ ತಡವಾದ ನಿರ್ಧಾರವೇ ಕಡಿತಕ್ಕೆ ಎಡೆಮಾಡುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಟ್ಟದ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ನಿಧಾನವಾಗಿ ಚಲಿಸಿದರೂ ಸುರಂಗದ ಬಾಯಿಯನ್ನು ದಾಟಿದೊಡನೆ ಸಿಗ್ನಲ್ ಕುಸಿಯುವುದರಿಂದ ವರದಿ ಕಳುಹಿಸಲು ಕಾಲಾವಕಾಶವೇ ಇರುವುದಿಲ್ಲ. ನಗರಗಳಲ್ಲಿ ಎತ್ತರದ ಕಟ್ಟಡದ ಮೂಲೆ ತಿರುಗುವಾಗಲೂ ಇದೇ ಬಗೆಯ ತೊಂದರೆ ಉಂಟಾಗುತ್ತದೆ. ಅವಸರದ ಅಥವಾ ತಪ್ಪು ಸೆಲ್‌ಗೆ ಆದ ವರ್ಗಾವಣೆಯಿಂದಲೂ ಕರೆ ಕಡಿತಗೊಳ್ಳಬಹುದು. ಸೆಲ್‌ಗಳನ್ನು ಗುರುತಿಸಲು ಇರುವ ಸಂಖ್ಯೆಗಳು 504 ಮಾತ್ರವಾದ್ದರಿಂದ ಅವುಗಳನ್ನು ಪುನಃ ಪುನಃ ಬಳಸಲಾಗುತ್ತದೆ. ಹತ್ತಿರದ ಎರಡು ಸೆಲ್‌ಗಳಿಗೆ ಒಂದೇ ಸಂಖ್ಯೆ ಬಿದ್ದಲ್ಲಿ ಗೊಂದಲ ಅನಿವಾರ್ಯ.

ಪರವಾನಗಿ ಇಲ್ಲದೆ ಮನೆ, ಅಂಗಡಿಗಳಲ್ಲಿ ಅಳವಡಿಸುವ ಸಿಗ್ನಲ್ ಬೂಸ್ಟರ್‌ಗಳು ಮತ್ತೊಂದು ಕಾರಣ. ಅವು ಬೇಸ್ ಸ್ಟೇಷನ್ ಕಡೆಗೆ ಗದ್ದಲವನ್ನೂ ವರ್ಧಿಸಿ ಕಳುಹಿಸುವುದರಿಂದ ಇತರರ ಮೊಬೈಲುಗಳ ವರದಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಇವುಗಳ ಬಳಕೆ ಕಾನೂನುಬಾಹಿರ. ಒಬ್ಬರ ಅನುಕೂಲಕ್ಕಾಗಿ ಇಡೀ ಬೀದಿಯ ಕರೆಗಳು ಕೆಡುತ್ತವೆ.

ಪಕ್ಕದ ಆಸನದವರ ಮೊಬೈಲಿನಲ್ಲಿ ಸಿಗ್ನಲ್ ಪೂರ್ಣವಾಗಿರುವುದನ್ನು ಹಲವರು ದೂರಿನಲ್ಲಿ ಉಲ್ಲೇಖಿಸುತ್ತಾರೆ. ಅವರ ಸೇವಾ ಸಂಸ್ಥೆ ಬೇರೆಯಾಗಿದ್ದಲ್ಲಿ ಇದರಿಂದ ಹೆಚ್ಚೇನೂ ತಿಳಿಯದು. ಕರೆಯು ಸಾಮಾನ್ಯವಾಗಿ ಅದೇ ಸಂಸ್ಥೆಯ ಸೆಲ್‌ಗಳ ನಡುವೆ ಮಾತ್ರ ವರ್ಗಾವಣೆಯಾಗುತ್ತದೆ. 4ಜಿ ವ್ಯಾಪ್ತಿ ಮುಗಿಯುವಲ್ಲಿ ವೋಲ್ಟಿ ಕರೆಯನ್ನು 2ಜಿ ಅಥವಾ 3ಜಿಗೆ ಒಪ್ಪಿಸಲು ಸಾಧ್ಯವಿದೆ, ಆದರೆ ಸಂಸ್ಥೆಗೆ ಅಂತಹ ಹಳೆಯ ಜಾಲವಿದ್ದಾಗ ಮಾತ್ರ.

ದೂರು ಸಲ್ಲಿಸುವವರ ಗಮನಕ್ಕೆ

ವರ್ಗಾವಣೆಯ ದೋಷವು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ, ಅನೇಕ ವೇಳೆ ಒಂದೇ ದಿಕ್ಕಿನ ಪ್ರಯಾಣದಲ್ಲಿ ಮರುಕಳಿಸುತ್ತದೆ. ಹೋಗುವಾಗ ಕಡಿತಗೊಂಡು ಬರುವಾಗ ಸರಿಯಿರುವುದು ಅಪರೂಪವಲ್ಲ. ಆದುದರಿಂದ ದಿನಾಂಕ, ವೇಳೆ, ಸ್ಥಳ (ಮೈಲಿಗಲ್ಲು, ನಿಲ್ದಾಣ, ವೃತ್ತ ಇತ್ಯಾದಿ), ಎಲ್ಲಿಂದ ಎಲ್ಲಿಗೆ ಪ್ರಯಾಣ ಎಂಬುದು ಹಾಗೂ ಆಗ ಮೊಬೈಲಿನಲ್ಲಿ 4ಜಿ ಚಿಹ್ನೆ ಇತ್ತೇ ಎಂಬುದನ್ನು ತಪ್ಪದೆ ನಮೂದಿಸತಕ್ಕದ್ದು. ಎರಡು ಮೂರು ದಿನಗಳ ಇಂತಹ ಟಿಪ್ಪಣಿಯು ಉದ್ದನೆಯ ಪತ್ರಕ್ಕಿಂತ ಹೆಚ್ಚು ಉಪಯುಕ್ತ.

ದೂರನ್ನು ಮೊದಲು ಸೇವಾ ಸಂಸ್ಥೆಯ ದೂರು ಕೇಂದ್ರಕ್ಕೆ ನೀಡಿ ದೂರು ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಪರಿಹಾರ ತೃಪ್ತಿಕರವಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ. ಕಡಿತಗೊಂಡ ಪ್ರತಿ ಕರೆಗೆ 1 ರೂಪಾಯಿಯಂತೆ ದಿನಕ್ಕೆ ಗರಿಷ್ಠ 3 ರೂಪಾಯಿ ಪರಿಹಾರ ನೀಡಬೇಕೆಂದು ಪ್ರಾಧಿಕಾರವು 2015ರಲ್ಲಿ ಹೊರಡಿಸಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು ಮೇ 2016ರಲ್ಲಿ ರದ್ದುಪಡಿಸಿರುವುದರಿಂದ, ಆ ನಿಯಮವನ್ನು ಉಲ್ಲೇಖಿಸಿ ಹಣ ಕೋರುವ ಅರ್ಜಿಗಳನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.