ದಮ್ಮಿಗೆ ಮೂರು ವಾರ, ಎಲುಬಿಗೆ ಮೂರು ತಿಂಗಳು

ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನಕ್ಕೆ ನಸುಕಿನಲ್ಲಿ ಹೋದರೆ ಎರಡು ಬಗೆಯ ಓಟಗಾರರು ಕಣ್ಣಿಗೆ ಬೀಳುತ್ತಾರೆ. ಮೊದಲನೆಯವರು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಸೈನ್ಯ ಭರ್ತಿಗೋ ತಯಾರಿ ನಡೆಸಿರುವ ಹುಡುಗರು. ಊರು ಬಿಟ್ಟು ಬಂದು, ಇಲ್ಲಿ ರೂಮು ಹಿಡಿದು, ಕೋಚಿಂಗ್ ಸೇರಿದವರು. ಕಾನ್‌ಸ್ಟೆಬಲ್ ಆಗಬೇಕಾದರೆ ಅವರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಎರಡನೆಯವರು, ಡಾಕ್ಟರು 'ಹತ್ತು ಕೇಜಿ ಇಳಸ್ರಿ' ಎಂದಿದ್ದಕ್ಕೆ ಹೊಸ ಬೂಟು ಕೊಂಡು ಬಂದಿರುವ ನಲವತ್ತು ದಾಟಿದವರು. ನಾನು ಈ ಎರಡನೆಯ ಪಂಕ್ತಿಯವನು. ಹುಡುಗರ ಬೆನ್ನು ನೋಡಿ ನಾವೂ ಹುರುಪಿಗೆ ಬೀಳುತ್ತೇವೆ, ತಪ್ಪು ಅಲ್ಲಿಂದಲೇ ಶುರು.

ಮೂರನೆಯ ವಾರದ ಹೊತ್ತಿಗೆ ಎರಡೂ ಗುಂಪಿನಲ್ಲಿ ಒಂದೇ ದೂರು ಕೇಳಿಸುತ್ತದೆ. ಕಣಕಾಲ ಎಲುಬಿನ ಒಳಮಗ್ಗುಲಲ್ಲಿ, ಹರಡಿನಿಂದ ಒಂದು ಗೇಣು ಮೇಲಿನವರೆಗೆ, ಉದ್ದಕ್ಕೆ ನೋವು. ಬೆರಳಿನಿಂದ ಒತ್ತಿಕೊಂಡು ಹೋದರೆ ನಾಲ್ಕೈದು ಬೆರಳಗಲದಷ್ಟು ಜಾಗ ಹುಣ್ಣಾದಂತೆ ನೋಯುತ್ತದೆ. ಓಡಲು ಶುರು ಮಾಡಿದಾಗ ಇರುತ್ತದೆ, ಮೈ ಬಿಸಿಯಾದಾಗ ಮಾಯ, ಮನೆಗೆ ಬಂದು ಕೂತಾಗ ಮತ್ತೆ ಹಾಜರು. ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್ ಎಂದು ಬರೆದಿರುತ್ತದೆ. ಮೈದಾನದಲ್ಲಂತೂ ಎಲ್ಲರೂ ಡಾಕ್ಟರೇ. ಒಬ್ಬೊಬ್ಬರದು ಒಂದೊಂದು ಸಲಹೆ.

'ನೋವಿನ್ಯಾಗ ಓಡ್ರಿ, ತಾನ ಹೋಗತೈತಿ'

ಎಲ್ಲಕ್ಕಿಂತ ಹೆಚ್ಚು ಕೇಳಿಸುವ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತು ಇದು. ಮೈಕೈ ನೋವಿನ ಮಟ್ಟಿಗೆ ಇದು ನಿಜವೂ ಹೌದು. ತೊಡೆಯ, ಮೀನಖಂಡದ ಸ್ನಾಯು ಹೊಸ ದುಡಿಮೆಗೆ ಎರಡು ಮೂರು ದಿನ ನೊಂದು ಆಮೇಲೆ ಗಟ್ಟಿಯಾಗುತ್ತದೆ. ಆದರೆ ಕಣಕಾಲ ನೋವಿನಲ್ಲಿ ತಕರಾರು ಎಲುಬಿನದು.

ಎಲುಬು ಕಲ್ಲಲ್ಲ, ಜೀವಂತ ವಸ್ತು. ಹೊಸ ಹೊರೆ ಬಿದ್ದಾಗ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಹಳೆಯ ಮನೆಯ ಗೋಡೆಗೆ ಗಿಲಾವು ಮಾಡಿಸುವವರು ಮೊದಲು ಏನು ಮಾಡುತ್ತಾರೆ? ಸಡಿಲಾದ ಹಳೆ ಗಿಲಾವನ್ನು ಕೆತ್ತಿ ತೆಗೆಯುತ್ತಾರೆ. ಎಲುಬಿನಲ್ಲೂ ಹಾಗೆಯೇ. ಒಂದು ಬಗೆಯ ಜೀವಕೋಶಗಳು ಮೊದಲ ಎರಡು ಮೂರು ವಾರ ಹಳೆಯದನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಜಾಗಕ್ಕೆ ನಿಧಾನವಾಗಿ ಹೊಸದನ್ನು ತುಂಬುತ್ತವೆ. ಪೂರಾ ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಕೆತ್ತಿದ್ದಾಗಿದೆ, ಗಿಲಾವು ಇನ್ನೂ ಬಿದ್ದಿಲ್ಲ ಎಂಬ ಆ ನಡುಗಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲ. ನಮ್ಮ ಮೂರನೆಯ ವಾರ ಬರುವುದು ಸರಿಯಾಗಿ ಅದೇ ಹೊತ್ತಿಗೆ.

ಮೋಸ ಎಲ್ಲಿದೆಯೆಂದರೆ, ಹೃದಯ, ಶ್ವಾಸಕೋಶಗಳು ಅಷ್ಟರಲ್ಲಾಗಲೇ ಕಲಿತುಬಿಟ್ಟಿರುತ್ತವೆ. ಮೊದಲ ದಿನ ಅರ್ಧ ಸುತ್ತಿಗೆ ಏದುಸಿರು ಬಿಟ್ಟವನಿಗೆ ಮೂರನೆಯ ವಾರ ನಾಲ್ಕು ಸುತ್ತು ಸಲೀಸು. 'ದಮ್ಮು ಬಂತು' ಎಂದು ಸುತ್ತು ಹೆಚ್ಚಿಸುತ್ತಾನೆ. ದಮ್ಮು ಬಂದದ್ದು ಖರೆ, ಎಲುಬಿಗೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಎರಡು ಮೂರು ಪಟ್ಟು ಬಲದಿಂದ ತಿರುಗಿ ಒದೆಯುತ್ತದೆ. ಎಂಬತ್ತು ಕೇಜಿಯವನಿಗೆ ಅದು ಒಂದೂವರೆಯಿಂದ ಎರಡೂವರೆ ಕ್ವಿಂಟಲ್. ಜಾಗಿಂಗಿನಲ್ಲಿ ಒಂದು ಕಿಲೋಮೀಟರಿಗೆ ಸಾವಿರದ ಆಸುಪಾಸು ಹೆಜ್ಜೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಮೀನಖಂಡದ ಸ್ನಾಯುಗಳು ಜಗ್ಗಿ ಜಗ್ಗಿ ಎಲುಬಿನ ಮೇಲ್ಪೊರೆ ಕೆರಳುತ್ತದೆ ಎಂಬುದು ಈ ನೋವಿಗೆ ಹಳೆಯ ವಿವರಣೆ. ಎಲುಬೇ ಹೊರೆ ತಾಳದೆ ಬಳಲುತ್ತದೆ ಎಂಬ ವಿವರಣೆಗೆ ಈಗ ಹೆಚ್ಚಿನ ಒಲವು. ಯಾವುದೇ ಇರಲಿ, ನೋವಿನ ಮೇಲೇ ಓಡಿದರೆ ದುರಸ್ತಿಗೆ ಬಿಡುವು ಸಿಗುವುದಿಲ್ಲ. ಮುಂದಿನ ಮೆಟ್ಟಿಲು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಕೂದಲೆಳೆಯ ಬಿರುಕು. ಭರ್ತಿಗೆ ತಿಂಗಳಿದೆ ಎನ್ನುವಾಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮೈದಾನದ ಕಟ್ಟೆಯ ಮೇಲೆ ಕೂತ ಹುಡುಗನನ್ನು ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ.

'ಮಣ್ಣಿನ್ಯಾಗ ಓಡಿದ್ರ ಏನೂ ಆಗಂಗಿಲ್ಲ'

ನಮ್ಮ ಅವಳಿ ನಗರದಲ್ಲಿ ಮಣ್ಣಿಗೇನು ಬರವೇ? ಹುಬ್ಬಳ್ಳಿಯ ಕಡೆ ಎರಿ, ಧಾರವಾಡದ ಪಡುವಣಕ್ಕೆ ಮಸಾರಿ. ಡಾಂಬರಿಗಿಂತ ಮಣ್ಣು ಮೆತ್ತಗೆ, ಆದ್ದರಿಂದ ಕಾಲಿಗೆ ಕ್ಷೇಮ ಎಂಬ ನಂಬಿಕೆ ಮೇಲ್ನೋಟಕ್ಕೆ ಸರಿಯೇ. ಆದರೆ ದೇಹಕ್ಕೆ ಒಂದು ಜಾಣತನವಿದೆ. ನೆಲ ಮೆತ್ತಗಿದ್ದರೆ ಕಾಲನ್ನು ತಾನಾಗಿಯೇ ಬಿಗಿ ಮಾಡಿಕೊಳ್ಳುತ್ತದೆ, ನೆಲ ಗಟ್ಟಿಯಿದ್ದರೆ ಮೊಣಕಾಲು, ಹರಡನ್ನು ಸಡಿಲ ಬಿಡುತ್ತದೆ. ಹೀಗಾಗಿ ಒಟ್ಟು ಹೊರೆಯಲ್ಲಿ ನಾವು ಊಹಿಸುವಷ್ಟು ಅಂತರ ಬೀಳುವುದಿಲ್ಲ. ಮತ್ತೆ ಈ ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಡಾಂಬರಿಗಿಂತ ಕಡೆ. ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕೇಜಿ ಆಗುತ್ತದೆ.

ನೆಲ ಯಾವುದು ಎನ್ನುವುದಕ್ಕಿಂತ ನೆಲವನ್ನು ಏಕಾಏಕಿ ಬದಲಿಸುವುದು ದೊಡ್ಡ ತಪ್ಪು. ತಿಂಗಳುಗಟ್ಟಲೆ ಉಣಕಲ್ ಕೆರೆಯ ಸಪಾಟು ದಾರಿಯಲ್ಲಿ ಓಡಿದವರು ಒಂದು ಭಾನುವಾರ ಹುರುಪಿನಿಂದ ನೃಪತುಂಗ ಬೆಟ್ಟ ಹತ್ತಿ ಓಡುತ್ತ ಇಳಿದರೆ, ಸೋಮವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ. ಏರುವಾಗ ಮೀನಖಂಡಕ್ಕೆ ಕೆಲಸ, ಇಳಿಯುವಾಗ ಕಣಕಾಲ ಮುಂಭಾಗದ ಸ್ನಾಯುವಿಗೆ ಬ್ರೇಕ್ ಹಾಕುವ ಕೆಲಸ. ಬೆಟ್ಟವನ್ನು ನಡೆದು ಇಳಿಯಿರಿ, ಯಾರೂ ನಗುವುದಿಲ್ಲ. ಹುಬ್ಬಳ್ಳಿಯ ಇಡೀ ನೋಟ ಅಲ್ಲಿಂದ ಚೆಂದ ಕಾಣುತ್ತದೆ, ನಡೆದರೆ ಅದನ್ನೂ ನೋಡಬಹುದು.

'ಬೂಟ್ ಸರಿ ಇಲ್ಲ', 'ಕ್ಯಾಲ್ಸಿಯಂ ಕಡಿಮಿ ಆಗೇತಿ', 'ನರ ಹಿಡಕೊಂಡಾವ'

ಈ ಮೂರನ್ನೂ ಒಂದೇ ಗಂಟು ಕಟ್ಟಬಹುದು. ಹದಿನೈದು ಸಾವಿರದ ಬೂಟು ಅವಸರವನ್ನು ಗುಣಪಡಿಸುವುದಿಲ್ಲ. ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿರುವ ಬೂಟನ್ನು ಬಿಡಬೇಕು, ಕಾಲಿಗೆ ಹಿತವಾಗಿ ಕೂರುವುದನ್ನು ಕೊಳ್ಳಬೇಕು, ಅಷ್ಟೇ. ಅಂಗಾಲು ಚಪ್ಪಟೆಯಾಗಿದ್ದವರಿಗೆ ಈ ನೋವಿನ ಸಾಧ್ಯತೆ ತುಸು ಹೆಚ್ಚು. ಅಂಥವರಿಗೆ ಒಳಗೆ ಹಾಕುವ ಮೆತ್ತೆಯಿಂದ ಉಪಯೋಗವಾಗಬಹುದು. ಕ್ಯಾಲ್ಸಿಯಂ ಗುಳಿಗೆ ನುಂಗಿದ ಮಾತ್ರಕ್ಕೆ ಹೊರೆಯಿಂದ ಬಳಲಿದ ಎಲುಬು ಎದ್ದು ನಿಲ್ಲುವುದಿಲ್ಲ, ಕೊರತೆಯಿದೆಯೋ ಇಲ್ಲವೋ ಎಂಬುದನ್ನು ರಕ್ತಪರೀಕ್ಷೆ ಹೇಳಲಿ. ಇನ್ನು ನರ ತೀಡಿಸಿಕೊಳ್ಳುವವರ ವಿಷಯ. ಮೀನಖಂಡವನ್ನು ಹಗುರವಾಗಿ ತಿಕ್ಕಿಸಿಕೊಂಡರೆ ಹಿತವಾದೀತು. ಆದರೆ ನೋಯುವ ಎಲುಬಿನ ಮೇಲೇ ಹೆಬ್ಬೆರಳು ಊರಿ ತೀಡುವುದು ಗಾಯದ ಮೇಲೆ ಬರೆ.

ಓಡುವ ಮುಂಚೆ ಗೋಡೆಗೆ ಕೈಕೊಟ್ಟು ಕಾಲು ಚಾಚುವುದೂ ಈ ನೋವನ್ನು ತಡೆಯುತ್ತದೆ ಎನ್ನಲು ಬಲವಾದ ಪುರಾವೆ ಇಲ್ಲ. ಅದರ ಬದಲು ಐದು ನಿಮಿಷ ಬೀಸಾಗಿ ನಡೆಯಿರಿ. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಮೊಣಕಾಲು ನೆಟ್ಟಗೆ ಇಟ್ಟು ಒಮ್ಮೆ, ತುಸು ಮಡಚಿ ಒಮ್ಮೆ, ವಾರಕ್ಕೆ ಮೂರು ದಿನ ಮಾಡಿ. ಮೀನಖಂಡ ಗಟ್ಟಿಯಾದಷ್ಟೂ ಎಲುಬಿಗೆ ಆಸರೆ.

'ಬೆವರು ಸುರಿದಷ್ಟು ಕೊಬ್ಬು ಕರಗತೈತಿ'

ನಮ್ಮ ಎರಡನೆಯ ಪಂಕ್ತಿಯವರ ಅವಸರಕ್ಕೆ ಮೂಲ ತೂಕ. ಬೇಸಿಗೆಯಲ್ಲೂ ಪ್ಲಾಸ್ಟಿಕ್ ಜಾಕೀಟು ತೊಟ್ಟು ಓಡುವವರನ್ನು ನೋಡಿದ್ದೇನೆ. ಮನೆಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತರೆ ಒಂದು ಕೇಜಿ ಕಡಿಮೆ. ಅದು ನೀರು. ಎರಡು ತಂಬಿಗೆ ನೀರು ಕುಡಿದರೆ ಹೋದ ಕೇಜಿ ವಾಪಸ್ಸು. ಬೆವರು ಮೈ ತಂಪು ಮಾಡುವ ಉಪಾಯ, ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಖಾಲಿ ಹೊಟ್ಟೆಯ ಓಟದಲ್ಲಿ ಆ ಹೊತ್ತಿಗೆ ಕೊಬ್ಬು ತುಸು ಹೆಚ್ಚು ಉರಿಯುವುದು ನಿಜ. ವಾರಗಳ ಲೆಕ್ಕದಲ್ಲಿ ನೋಡಿದರೆ ಆ ಅಂತರ ಉಳಿಯುವುದಿಲ್ಲ.

ಕೊಬ್ಬಿನ ಗಣಿತ ಕಠೋರವಾದದ್ದು. ಒಂದು ಕಿಲೋಮೀಟರ್ ಓಡಿದರೆ ದೇಹದ ತೂಕದ ಪ್ರತಿ ಕೇಜಿಗೆ ಹೆಚ್ಚು ಕಡಿಮೆ ಒಂದು ಕ್ಯಾಲೊರಿ ಖರ್ಚು. ಎಂಬತ್ತು ಕೇಜಿಯವನಿಗೆ ಎಂಬತ್ತು. ಮೈಯೊಳಗಿನ ಒಂದು ಕೇಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ. ಅಂದರೆ ಒಂದು ಕೇಜಿ ಇಳಿಸಲು 96 ಕಿಲೋಮೀಟರ್. ಹುಬ್ಬಳ್ಳಿ ಧಾರವಾಡಗಳ ನಡುವಿನ 20 ಕಿಲೋಮೀಟರನ್ನು ಹತ್ತಿರ ಹತ್ತಿರ ಐದು ಸಲ ಓಡಬೇಕು, ಚಿಗರಿ ಬಸ್ಸು ಹತ್ತದೆ! ಇತ್ತ ನೂರು ಗ್ರಾಂ ಪೇಡೆಯಲ್ಲಿ ಸುಮಾರು 400 ಕ್ಯಾಲೊರಿ. ಐದು ಕಿಲೋಮೀಟರಿನ ದುಡಿಮೆ ಲೈನ್ ಬಜಾರಿನ ಒಂದು ಸಣ್ಣ ಪೊಟ್ಟಣಕ್ಕೆ ಸಮ. ಓಟ ಮುಗಿಸಿ ಗಿರಮಿಟ್ಟು, ಮಿರ್ಚಿ ಭಜಿಯ ಗಾಡಿಯ ಮುಂದೆ ಸಭೆ ಸೇರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಓಟ ವ್ಯರ್ಥವೇ? ಅಲ್ಲ. ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸು ಎಲ್ಲದಕ್ಕೂ ಒಳ್ಳೆಯದು, ಇಳಿದ ತೂಕ ಮತ್ತೆ ಏರದಂತೆ ತಡೆಯುವಲ್ಲಿ ಅದರ ಪಾಲು ದೊಡ್ಡದು. ಆದರೆ ತೂಕ ಇಳಿಯುವುದು ಮುಖ್ಯವಾಗಿ ತಾಟಿನಲ್ಲಿ. ಇಲ್ಲೂ ಒಂದು ಅತಿರೇಕ ಉಂಟು. ಬೆಳಿಗ್ಗೆ ಓಡಿ, ರಾತ್ರಿ ರೊಟ್ಟಿ ಪೂರಾ ಬಿಟ್ಟು ಅರೆಹೊಟ್ಟೆಯಲ್ಲಿ ಮಲಗುವವರು, ಅದರಲ್ಲೂ ಹೆಣ್ಣುಮಕ್ಕಳು, ಎಲುಬಿನ ದುರಸ್ತಿಗೆ ಬೇಕಾದ ಸಾಮಾನನ್ನೇ ಬಂದ್ ಮಾಡಿದಂತೆ. ಮುಟ್ಟು ಏರುಪೇರಾಗತೊಡಗಿದರೆ ಅದು ದೇಹ ಕೊಡುವ ನೋಟೀಸು. ಎರಡು ರೊಟ್ಟಿ ಬೇಡ, ಒಂದು ಸಾಕು ಎನ್ನಿ. ಜೊತೆಗೆ ಕಾಳು ಪಲ್ಯೆ, ಮೊಸರು ಇರಲಿ.

'ವಾರಕ್ಕ ಹತ್ತು ಪರ್ಸೆಂಟ್ ಏರಿಸಿದ್ರ ಸೇಫ್'

ಓದಿಕೊಂಡವರ ಮೂಢನಂಬಿಕೆ ಇದು. ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ ಹೊಸ ಓಟಗಾರರ ಒಂದು ಗುಂಪಿಗೆ ಓಟವನ್ನು ವಾರಕ್ಕೆ ಹತ್ತು ಪರ್ಸೆಂಟಿನಂತೆ ನಿಧಾನ ಏರಿಸುವ 13 ವಾರದ ಕ್ರಮ, ಇನ್ನೊಂದು ಗುಂಪಿಗೆ 8 ವಾರದ ಮಾಮೂಲು ಕ್ರಮ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಐದರಲ್ಲೊಬ್ಬರಿಗೆ ಗಾಯ. ನಿಧಾನಕ್ಕೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಎಲ್ಲರ ಕಾಲಿಗೂ ಒಪ್ಪುವ ಒಂದೇ ಅಂಕಿ ಇಲ್ಲ, ಅಂಕಿಗಿಂತ ಕಾಲಿನ ಮಾತು ಕೇಳಬೇಕು ಎಂದು ಅರ್ಥ.

ನನಗೆ ಒಗ್ಗಿದ್ದು ಹೀಗೆ: ಮೊದಲ ಎರಡು ಮೂರು ವಾರ ಬರೀ ಬೀಸುನಡಿಗೆ, ಅರ್ಧ ತಾಸು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಹತ್ತು ಸಲ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನದ ಬಿಡುವು. ಹೆಜ್ಜೆ ಸಣ್ಣದು, ಪಾದ ಮೈಯ ಕೆಳಗೇ ಬೀಳಬೇಕು. ವೇಗ ಎಷ್ಟಿರಬೇಕೆಂದರೆ, ಪಕ್ಕದವರ ಜೊತೆ ಹರಟೆ ಹೊಡೆಯುತ್ತ ಓಡುವಂತಿರಬೇಕು. ಧಾರವಾಡದವರಿಗೆ ಇದಕ್ಕಿಂತ ಸುಲಭದ ಪರೀಕ್ಷೆಯನ್ನು ಯಾರೂ ಇಡಲಾರರು.

ನೋವು ಬಂದರೆ ಓಟ ನಿಲ್ಲಿಸಿ. ನೋಯದಷ್ಟು ನಡೆಯಿರಿ, ಇಲ್ಲವೇ ಸೈಕಲ್ ತುಳಿಯಿರಿ. ಎಲುಬನ್ನು ಒತ್ತಿದಾಗ ನೋವಿಲ್ಲ, ಅರ್ಧ ತಾಸು ನಡೆದರೂ ನೋವಿಲ್ಲ ಎನ್ನುವವರೆಗೆ ಕಾಯಬೇಕು. ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಎರಡು ತಿಂಗಳೂ ಬೇಕು. ಆದರೆ ನೋವು ಉದ್ದಕ್ಕೆ ಹರಡದೆ ಒಂದು ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಜೀವ ಹಿಂಡಿದಂತಾದರೆ, ಅಥವಾ ಓಡುವಾಗ ಪಾದ ಜೋಮು ಹಿಡಿದರೆ, ಅಷ್ಟು ದಿನ ಕಾಯಬೇಡಿ, ಎಲುಬಿನ ಡಾಕ್ಟರನ್ನು ಕಾಣಿ. ಮೊದಲ ಎರಡು ಮೂರು ವಾರ ಕೂದಲೆಳೆಯ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದು ಮಾಮೂಲು. 'ಎಕ್ಸ್‌ರೇ ನಾರ್ಮಲ್ ಐತಿ' ಎಂಬ ಒಂದೇ ಮಾತಿನ ಮೇಲೆ ಮರುದಿನವೇ ಮೈದಾನಕ್ಕೆ ಇಳಿಯಬೇಡಿ. ನೋವು ಉಳಿದಿದ್ದರೆ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಿ.